ಗಿರಿಜೆಯ ಪಾಲಿನ ಹೊತ್ತು

ವಾಸನೆಯನ್ನು ಸಾಕ್ಷಿಯಾಗಿ ಒಪ್ಪಕೂಡದು ಎಂದು ಕಾಲೇಜಿನ ಚರ್ಚೆಯಲ್ಲಿ ವಾದಿಸಿ ನಾನೊಮ್ಮೆ ಗೆದ್ದಿದ್ದೇನೆ. ಮೂಗಿಗೆ ತಿಳಿದದ್ದನ್ನು ಹತ್ತು ಜನರ ಮುಂದೆ ಎತ್ತಿ ತೋರಿಸಲಾಗುವುದಿಲ್ಲ, ತೋರಿಸಲಾಗದ್ದು ಪ್ರಮಾಣವಲ್ಲ ಎಂಬುದು ನನ್ನ ವಾದದ ತಿರುಳು. ಚಪ್ಪಾಳೆಯೂ ಬಿದ್ದಿತ್ತು. ಹೋದ ತಿಂಗಳು ಕೊರಟಗೆರೆಯ ಚಿಕ್ಕಮ್ಮನ ಮನೆಯಿಂದ ಶಿರಾಕ್ಕೆ ಹಿಂದಿರುಗುವಾಗ ಇದ್ದಿಲ ಬಸ್ಸು ಮಧುಗಿರಿ ಪೇಟೆಯಲ್ಲಿ ಕೆಟ್ಟು ನಿಂತಿತು. ಡ್ರೈವರು ಇಳಿದು ಬಸ್ಸಿನ ಬೆನ್ನಿಗಿದ್ದ ಒಲೆಗೆ ಇದ್ದಿಲು ಸುರಿದು ಗಾಳಿಚಕ್ರ ತಿರುಗಿಸತೊಡಗಿದ. ಎದುರಿನ ಮಂಡಿಯ ಮುಂದೆ ಹೆಂಗಸರು ಸಾಲಾಗಿ ಕೂತು ಹೊಸ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಳಿ, ಬಿಸಿಲು, ಗೋಣಿಚೀಲ ಎಲ್ಲ ಬೆರೆತ ಆ ವಾಸನೆ ಕಿಟಕಿಯೊಳಗೆ ನುಗ್ಗಿದ್ದೇ ತಡ, ನನ್ನ ವಾದ ಎಲ್ಲಿ ಹೋಯಿತೋ ಕಾಣೆ. ಬಸ್ಸು ಹೊರಡುವುದಕ್ಕೆ ಮೊದಲೇ ನಾನು ನನ್ನ ಚೀಲ ತೆಗೆದುಕೊಂಡು ಇಳಿದುಬಿಟ್ಟೆ.

ಆ ಮಂಡಿ ಗಿರಿಜೆಯ ಅಪ್ಪ ರುದ್ರಪ್ಪನವರದು. ಗಿರಿಜೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಒಂದು ವರ್ಷ ಓದಿದವಳು. ಕಡಲ ಸ್ಕೂಲಿನಲ್ಲಿ.

ಮಧುಗಿರಿಯಲ್ಲಿ ಕಡಲ ಸ್ಕೂಲು ಎಂದರೆ ಕೇಳಿದವರು ನಗುತ್ತಾರೆ. ಆದರೆ ಯುದ್ಧದ ನಡುವಿನ ಒಂದು ವರ್ಷ ಅದು ಇಲ್ಲೇ, ಬೆಟ್ಟದ ಬುಡದಲ್ಲೇ ಇತ್ತು. ಜಪಾನಿನ ಹಡಗು ಬರುತ್ತದೆ, ಮೇಲಿನಿಂದ ಬಾಂಬು ಬೀಳುತ್ತದೆ ಎಂದು ತೀರದ ಊರುಗಳಲ್ಲೆಲ್ಲ ಗುಲ್ಲೆದ್ದ ಬೇಸಿಗೆ ಅದು. ದಕ್ಷಿಣ ಕನ್ನಡದ ಮರಳದಂಡೆಯ ಮೇಲೆ, ಗಂಡುಹೆಣ್ಣು ಮಕ್ಕಳು ಒಟ್ಟಿಗೇ ಉಳಿದು ಓದುವ ಒಂದು ಶಾಲೆಯಿತ್ತು. ಅದನ್ನು ನಡೆಸುತ್ತಿದ್ದವರು ಮಕ್ಕಳನ್ನು ಒಳನಾಡಿಗೆ ಸಾಗಿಸಲು ನಿಶ್ಚಯಿಸಿದರು. ಮಧುಗಿರಿಯಲ್ಲಿ ಹಳೆಯದೊಂದು ಛತ್ರ ಖಾಲಿ ಬಿದ್ದಿತ್ತು. ಟ್ರಂಕು, ಹಾಸಿಗೆ, ಕರಿಹಲಗೆ, ದೊಡ್ಡ ದೊಡ್ಡ ಹಂಡೆ, ಒಬ್ಬೊಬ್ಬರ ಕೈಯಲ್ಲೂ ಒಂದು ಕೊಡೆ. ಹೀಗೆ ಅವರು ಬಂದಿಳಿದಾಗ ಊರಿಗೆ ಊರೇ ನೋಡಲು ಹೋಯಿತಂತೆ.

"ಬಾಂಬಿಗೆ ಹೆದ್ರಿ ಬಂದವ್ರಂತೆ ಕಣ್ಲಾ."

"ಇಲ್ಲೇನ್ ಬೀಳಲ್ವಾ?"

"ಇಲ್ಲಿ ಬಿದ್ರೆ ನಮ್ ಬೆಟ್ಟದ್ ಮ್ಯಾಲೆ ಬೀಳ್ಬೇಕು. ಬಾಂಬೇ ಒಡೆದೋಯ್ತದೆ ಬುಡು."

ನಾನು ಆಗ ಶಿರಾದಲ್ಲಿದ್ದೆ. ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನಪ್ಪ ಪೇಪರನ್ನು ಗಟ್ಟಿಯಾಗಿ ಓದುವವರು, ನಾನು ಅದರ ಪ್ರತಿ ಸಾಲಿಗೂ ಅಡ್ಡಮಾತಾಡುವವಳು. ಎಲ್ಲಿಯದೋ ಒಂದು ಒಳ್ಳೆಯ ಶಾಲೆ ಮಧುಗಿರಿಗೆ ಬಂದಿದೆಯೆಂದು ತಿಳಿದ ದಿನ ಅಪ್ಪ ಹೇಳಿದರು: "ಲಲಿತಾ, ನಿನ್ನ ತಕರಾರು ಕೇಳಿ ಕೇಳಿ ನಂಗೆ ಸಾಕಾಗಿದೆ. ಅಲ್ಲಿ ಹೋಗು. ಅಲ್ಲಿನೋರು ಅದಕ್ಕೆ ಸಂಬಳ ತಗೊಳ್ತಾರೆ."

ಹೋದೆ. ಬೆಂಚಿನ ಮೇಲೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಹೆಸರಿನ ಅಕ್ಷರದ ಪ್ರಕಾರ ಕೂರುವುದು, ಊಟದ ಸಾಲಿನಲ್ಲಿ ಸರದಿಯಂತೆ ಎಲ್ಲರೂ ಬಡಿಸುವುದು, ಎಲ್ಲರೂ ಎಂಜಲೆಲೆ ಎತ್ತುವುದು ಅಲ್ಲಿನ ಕ್ರಮ. ನನ್ನ ಒಂದು ಬದಿಗೆ ದಾಮು ಎಂಬ ಮೀನುಗಾರರ ಹುಡುಗ, ಇನ್ನೊಂದು ಬದಿಗೆ ಗಿರಿಜೆ. ಅಕ್ಷರದ ಪ್ರಕಾರ ಗಿರಿಜೆ ಮುಂದಿನ ಬೆಂಚಿಗೆ ಹೋಗಬೇಕಿತ್ತು. ಊರಿನ ಹುಡುಗಿ ಮೊದಮೊದಲು ಹೆದರಿಯಾಳೆಂದು ಹೆಡ್ಮಾಸ್ತರರಾದ ವಾಸುದೇವ ಮಾಸ್ತರು ಅವಳನ್ನು ನನ್ನ ಪಕ್ಕಕ್ಕೆ ಹಾಕಿದ್ದರು. ಹೆದರಿದ್ದು ಅವಳಲ್ಲ, ದಾಮು. ಮೊದಲ ದಿನವೇ ಮುದ್ದೆಯನ್ನು ಅಗಿಯುತ್ತ ಕೂತಿದ್ದ ಅವನನ್ನು ನೋಡಿ ಗಿರಿಜೆ, "ಅಗೀಬ್ಯಾಡಪ್ಪಾ, ನುಂಗು. ಅದೇನ್ ನಿನ್ನ ಶತ್ರೂನಾ?" ಅಂದಳು.

"ಇದೆಂತ ಮಾರಾಯ್ತಿ, ಗಂಟಲಲ್ಲಿ ಕೂತುಕೊಂಡು ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ" ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ.

ಅವರ ಕೊಡೆಗಳ ಕಥೆ ಬೇರೆ. ಅವರ ಊರಿನಲ್ಲಿ ಶಾಲೆ ಶುರುವಾಗುವ ದಿನವೇ ಮಳೆಯೂ ಶುರುವಂತೆ. ಇಲ್ಲಿ ಆಷಾಢದ ಗಾಳಿ ಮೋಡಗಳನ್ನು ಬೆಟ್ಟದ ನೆತ್ತಿಯ ಮೇಲಿನಿಂದ ಹೊಡೆದುಕೊಂಡು ಹೋಗುತ್ತಿತ್ತು. ಅವರು ದಿನವೂ ಕೊಡೆ ಹಿಡಿದು ಹೊರಗೆ ಬಂದು ಆಕಾಶ ನೋಡುವರು, ಗಾಳಿ ಕೊಡೆಯನ್ನು ಮಗುಚುವುದು, ಒಳಗೆ ಹೋಗುವರು. ಛತ್ರದ ಬಾವಿಗೆ ನೀರು ಸೇದಲು ಬಂದ ಹೆಂಗಸರಿಗೆ ಅದೇ ತಮಾಷೆ. ಕೊನೆಗೆ ಕೊಡೆಗಳೆಲ್ಲ ಬಿಸಿಲಿಗೆ ಉಪಯೋಗಕ್ಕೆ ಬಂದವು. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ನಮ್ಮ ಮೇಲೆ ಉಸಿರು ಬಿಡುತ್ತಿತ್ತು. ತೀರದ ಸಣ್ಣ ಮಕ್ಕಳು ಮೂಗಿನಿಂದ ರಕ್ತ ಸುರಿಸಿಕೊಂಡು ಅಳುತ್ತಿದ್ದವು. ಅವು ಅಳುತ್ತಿದ್ದದ್ದು ಮನೆಗಾಗಿ ಎಂದುಕೊಂಡಿದ್ದೆ. ಅಲ್ಲ, ಶಬ್ದಕ್ಕಾಗಿ. ಹುಟ್ಟಿದಾಗಿನಿಂದ ಕಡಲಿನ ಮೊರೆತ ಕೇಳಿಕೊಂಡೇ ಮಲಗಿದ ಮಕ್ಕಳಿಗೆ ನಮ್ಮ ಕಡೆಯ ಮೌನದಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ಆ ಶಾಲೆಯ ಎರಡು ಪದ್ಧತಿಗಳನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ಒಂದು, ಕಡಲ ಹೊತ್ತು. ಅವರ ಊರಿನಲ್ಲಿ ಸೂರ್ಯ ಮುಳುಗುವಾಗ ಮಕ್ಕಳೆಲ್ಲ ಮರಳ ಮೇಲೆ ಪಡುವಣಕ್ಕೆ ಮುಖ ಮಾಡಿ ಮಾತಿಲ್ಲದೆ ಕೂರುತ್ತಿದ್ದರು. ಪ್ರಾರ್ಥನೆಯಲ್ಲ, ಮಂತ್ರವಲ್ಲ, ಸುಮ್ಮನೆ ಕೂರುವುದು. ಮಧುಗಿರಿಗೆ ಬಂದಮೇಲೂ ಮಾಸ್ತರು ಅದನ್ನು ಬಿಡಲಿಲ್ಲ. ಛತ್ರದ ಹಿಂದಿನ ಹಾಸುಬಂಡೆಯ ಮೇಲೆ ಎಲ್ಲರೂ ಸಾಲಾಗಿ ಕೂತು, ಕುರುಚಲು ಗಿಡ, ಮೇಕೆಯ ಹಿಂಡು, ದೂರದ ಗುಡ್ಡಗಳ ಕಡೆ ನೋಡುತ್ತಿದ್ದೆವು. ದೇವರಿಗೇ ಕೈ ಮುಗಿಯದ ನನಗೆ ಇದೊಂದು ಹುಚ್ಚು. "ಇಲ್ಲದ ಕಡಲನ್ನು ನೋಡುವುದಕ್ಕೂ ಇಲ್ಲದ ದೇವರನ್ನು ಪೂಜಿಸುವುದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದೆ. ಮಾಸ್ತರು ಕೋಪಿಸಿಕೊಳ್ಳಲಿಲ್ಲ. "ಒಳ್ಳೆಯ ಪ್ರಶ್ನೆ ಉಂಟು. ಶನಿವಾರಕ್ಕೆ ಇಟ್ಟುಕೊಳ್ಳುವ" ಎಂದರು.

ಶನಿವಾರವೇ ಎರಡನೆಯ ಪದ್ಧತಿ, ಚರ್ಚಾಕೂಟ. ಯಾರು ಯಾವ ಪಕ್ಷ ಎಂಬುದನ್ನು ನಾವು ಆರಿಸಿಕೊಳ್ಳುವಂತಿಲ್ಲ. ಮಾಸ್ತರು ಒಂದು ತೆಂಗಿನ ಕರಟದಲ್ಲಿ ಕಪ್ಪೆಚಿಪ್ಪನ್ನೂ ಒಂದು ಕಲ್ಲನ್ನೂ ಹಾಕಿ ಮೇಲೆ ಬಟ್ಟೆ ಮುಚ್ಚಿ ಹಿಡಿಯುತ್ತಿದ್ದರು. ಕೈ ಹಾಕಿದಾಗ ಚಿಪ್ಪು ಬಂದವರು ವಿಷಯದ ಪರ, ಕಲ್ಲು ಬಂದವರು ವಿರುದ್ಧ. ಮನಸ್ಸಿನಲ್ಲಿ ಏನಿದ್ದರೂ ಸರಿ, ಕೈಗೆ ಬಂದದ್ದನ್ನು ಜೀವ ಹೋಗುವ ಹಾಗೆ ವಾದಿಸಬೇಕು. ಮುಂದಿನ ಶನಿವಾರ ಅದೇ ವಿಷಯ, ಪಕ್ಷ ಮಾತ್ರ ಅದಲುಬದಲು. ಎರಡು ಶನಿವಾರ ಸೇರಿದರೆ ಒಂದು ಚರ್ಚೆ. ಮೊದಲನೆಯದರಲ್ಲಿ ಕಡಲ ಹೊತ್ತು ಬೇಡವೆಂದು ವಾದಿಸಿ ನಾನು ಎಲ್ಲರನ್ನೂ ನಗಿಸಿದೆ. ಎರಡನೆಯದರಲ್ಲಿ ಬೇಕೆಂದು ವಾದಿಸಬೇಕಾಯಿತು. ಕಾಣದ್ದನ್ನು ನೆನೆಯುವುದು ನಂಬಿಕೆಯಲ್ಲ, ಕಂಡದ್ದನ್ನು ಮರೆಯದಿರುವ ಅಭ್ಯಾಸ ಎಂದು ಏನೋ ಹೇಳಿದೆ. ಆ ಸಂಜೆ ಬಂಡೆಯ ಮೇಲೆ ಸಣ್ಣ ಮಕ್ಕಳ ನಡುವೆ ಹೋಗಿ ಕೂತೆ. ನಂಬದಿದ್ದ ಮಾತು ಬಾಯಿಂದ ಹೊರಗೆ ಬಂದಮೇಲೆ ಒಳಗೆ ಒಂದಿಷ್ಟು ಜಾಗ ಮಾಡಿಕೊಳ್ಳುತ್ತದೆಯೆ? ಆಗ ಅದನ್ನು ಯೋಚಿಸಲಿಲ್ಲ.

ಗಿರಿಜೆ ಮಾತ್ರ ಒಂದು ದಿನವೂ ಕಡಲ ಹೊತ್ತಿಗೆ ಇದ್ದವಳಲ್ಲ. ಅವಳ ತಾಯಿ ಇರಲಿಲ್ಲ. ಮನೆಯಲ್ಲಿ ಅಪ್ಪ, ಕಣ್ಣು ಮಂಜಾದ ಅಜ್ಜಿ. ದೀಪ ಹಚ್ಚುವ ಹೊತ್ತಿಗೆ ಮನೆಯ ಹೆಣ್ಣುಮಗಳು ಹೊಸ್ತಿಲೊಳಗಿದ್ದು ತಾನೇ ದೀಪ ಮುಟ್ಟಿಸಬೇಕು, ಆಮೇಲೆ ರುದ್ರಪ್ಪನವರು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರಬೇಕು. ಆ ಒಂದು ಷರತ್ತಿನ ಮೇಲೆ ಅವರು ಮಗಳನ್ನು ಗಂಡುಹುಡುಗರ ನಡುವೆ ಓದಲು ಬಿಟ್ಟಿದ್ದರು. ಪೇಟೆಯಲ್ಲಿ ಬೇರೆ ಯಾರೂ ಬಿಟ್ಟಿರಲಿಲ್ಲ. ಮಂಡಿಗೆ ಬಂದವರು, "ಏನ್ ರುದ್ರಪ್ನೋರೆ, ಮಗ್ಳನ್ನ ಕಲೆಕ್ಟ್ರು ಮಾಡ್ತೀರಾ?" ಎಂದು ಕೆಣಕಿದರೆ, "ಮಾಡಿದ್ರೆ ನಿಂಗೇನ್ಲಾ ಕಷ್ಟ? ಸಲಾಮ್ ಹೊಡೀಬೇಕಲ್ಲಾ ಅಂತಲಾ?" ಎನ್ನುತ್ತಿದ್ದರಂತೆ. ಹಾಗಾಗಿ ನಾವು ಬಂಡೆಯ ಕಡೆ ಹೊರಟಾಗ ಗಿರಿಜೆ ಪೇಟೆಯ ಕಡೆ ಹೊರಡುತ್ತಿದ್ದಳು.

ಒಂದು ದಿನ ಕೇಳಿದಳು, "ಅಲ್ಲಿ ಕೂತ್ಕಂಡು ಏನ್ ಮಾಡ್ತೀರೇ ಲಲ್ಲಿ?"

"ಏನೂ ಇಲ್ಲ. ಸೂರ್ಯ ಮುಳುಗ್ತಾನೆ."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ದಿನಾ ಯಾಕೆ ಕೂರ್ತೀರಿ?"

ಉತ್ತರ ಹೇಳಲು ಹೋಗಿ ನಾನು ತಡವರಿಸಿದ್ದು ನೋಡಿ ಅವಳು ನಕ್ಕಳು. "ಇರ್ಲಿ ಬುಡು. ನಾನ್ ಒಂದಿನ ನಿಜವಾದ್ ಕಡಲ್ ಮುಂದೇನೇ ಕೂತ್ಕಂಡು ನೋಡ್ತೀನಿ."

ಅದು ಬರಿಯ ಮಾತಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಾಂಬಿನ ಭಯ ಇಳಿದಿತ್ತು. ಶಾಲೆ ಬೇಸಿಗೆಯಲ್ಲಿ ತನ್ನ ಊರಿಗೆ ಹಿಂದಿರುಗುವುದೆಂದು ಗೊತ್ತಾಯಿತು. ನನ್ನಪ್ಪ ಕೂಡಲೇ ಹೂಂ ಎಂದರು. ಗಿರಿಜೆಯ ಪರೀಕ್ಷೆಗೆ ಇನ್ನೂ ಒಂದು ವರ್ಷವಿತ್ತು. ಜೊತೆಗೆ ಹೋದರೆ ಪರೀಕ್ಷೆ, ಆಮೇಲೆ ಕಾಲೇಜು, ಅವಳ ಬಾಯಲ್ಲಿ ಸದಾ ಇದ್ದ ಡಾಕ್ಟರಿಕೆ. ಉಳಿದರೆ ಮಧುಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಅಷ್ಟು ದೊಡ್ಡ ಕ್ಲಾಸೇ ಇರಲಿಲ್ಲ, ಕೊಡಿಗೇನಹಳ್ಳಿಯ ಕಡೆಯಿಂದ ಆಗಲೇ ಒಂದು ಸಂಬಂಧ ಕೇಳಿಕೊಂಡು ಬಂದಿತ್ತು. ರುದ್ರಪ್ಪನವರು ಎರಡಕ್ಕೂ ಏನನ್ನೂ ಹೇಳಿರಲಿಲ್ಲ. "ಯೋಚ್ನೆ ಮಾಡಾನ" ಅಂದಿದ್ದರು ಅಷ್ಟೆ. ಗಿರಿಜೆ ದಿನವೂ ಅವರ ಮುಖ ನೋಡಿಕೊಂಡು ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಇವತ್ತು ನಗ್ತಾ ಇದ್ರು, ಇವತ್ತು ನಗಲಿಲ್ಲ.

ಆಗ ವಾಸುದೇವ ಮಾಸ್ತರಿಗೆ ಒಂದು ಉಪಾಯ ಹೊಳೆಯಿತು. ವರ್ಷವಿಡೀ ನೀರು ನೆರಳು ಕೊಟ್ಟ ಊರಿಗೆ ಒಂದು ವಂದನೆ ಹೇಳಬೇಕು. ಒಂದು ಶನಿವಾರ ಊರಿನ ಹಿರಿಯರನ್ನೆಲ್ಲ ಕರೆದು ಅವರ ಮುಂದೆ ಚರ್ಚಾಕೂಟ ನಡೆಸುವುದು. ವಿಷಯ: ಹೆಣ್ಣುಮಕ್ಕಳು ಮನೆ ಬಿಟ್ಟು ದೂರ ಹೋಗಿ ಓದಬೇಕು. ಮಾತಾಡುವವರು ಊರ ಕಡೆಯ ಇಬ್ಬರು ಹುಡುಗಿಯರು, ನಾನು ಮತ್ತು ಗಿರಿಜೆ. ಮಗಳು ಸಭೆಯಲ್ಲಿ ನಿಂತು ಮಾತಾಡುವುದನ್ನು ನೋಡಿದರೆ ಅಪ್ಪನ ಮನಸ್ಸು ಕರಗುತ್ತದೆ ಎಂಬುದು ಮಾಸ್ತರ ಲೆಕ್ಕ.

"ಹಾಗಾದ್ರೆ ಪರವಾಗಿ ಗಿರಿಜೇನೇ ಮಾತಾಡಲಿ ಸಾರ್" ಎಂದೆ.

"ಅದು ಕರಟ ಹೇಳಬೇಕು."

"ಇದೊಂದು ಸಲ ಸಾರ್."

"ಒಂದು ಸಲ ಬಿಟ್ಟರೆ ಅದು ಚರ್ಚೆ ಅಲ್ಲ, ನಾಟಕ. ನೀನೇ ಅಲ್ಲವಾ ವರ್ಷ ಇಡೀ ಪ್ರಮಾಣ ಪ್ರಮಾಣ ಅಂತ ನನ್ನ ತಲೆ ತಿಂದದ್ದು?" ಎಂದರು. ವಾದ ಸರಿಯಾಗಿಯೇ ಇತ್ತು. ಈಗಲೂ ಅದರಲ್ಲಿ ತಪ್ಪು ಹುಡುಕಿ ಕೊಡಲು ನನ್ನಿಂದಾಗದು.

ಗಿರಿಜೆ ಕರಟಕ್ಕೆ ಕೈ ಹಾಕಿದಳು. ಕಲ್ಲು ಬಂತು.

ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ, "ಮುಂದಿನ ಶನಿವಾರ ನಂದೇ ಅಲ್ವಾ" ಎಂದು ಕಲ್ಲನ್ನು ನನ್ನ ಅಂಗೈಗೆ ಹಾಕಿದಳು.

ಆ ಶನಿವಾರ ಮಧ್ಯಾಹ್ನ ಛತ್ರದ ಅಂಗಳ ತುಂಬಿತ್ತು. ಹುಣಸೆಯ ಕಾಲ, ಬಂದವರ ಬಟ್ಟೆಗೆಲ್ಲ ಅದೇ ವಾಸನೆ. ಮಾಸ್ತರು ಎದ್ದು ನಿಂತು ಶಾಲೆಯ ಕ್ರಮವನ್ನು ವಿವರಿಸಿದರು. ಕರಟ, ಚಿಪ್ಪು, ಕಲ್ಲು, ಎರಡು ಶನಿವಾರ ಎಲ್ಲವನ್ನೂ ಹೇಳಿದರು. ರುದ್ರಪ್ಪನವರು ಆಗ ಇನ್ನೂ ಬಂದಿರಲಿಲ್ಲ. ಶಿರಾದ ವ್ಯಾಪಾರಿ ಸಾಹೇಬರೊಬ್ಬರ ಗಾಡಿಗಳಿಗೆ ಮಾಲು ತುಂಬಿಸಿ, ಮಂಡಿ ಮುಚ್ಚಿ, ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಅವರು ಬಂದು ಮುಂದಿನ ಸಾಲಿನಲ್ಲಿ ಕೂತಾಗ ನನ್ನ ಮಾತು ಅರ್ಧ ಮುಗಿದಿತ್ತು.

ನಾನು ಚೆನ್ನಾಗಿಯೇ ಮಾತಾಡಿದೆ. ಹೆಣ್ಣಿಗೂ ಗಂಡಿಗೂ ಬುದ್ಧಿ ಒಂದೇ ಆದರೆ ದಾರಿಯೂ ಒಂದೇ ಇರಬೇಕು, ಒಂದಲ್ಲ ಎನ್ನುವವರು ಅದನ್ನು ತೋರಿಸಿಕೊಡಬೇಕು, ಹೀಗೆ ಒಂದರ ಮೇಲೊಂದು ಇಟ್ಟಿಗೆ ಇಟ್ಟ ಹಾಗೆ. ಜನ ತಲೆದೂಗಿದರು. ಆಮೇಲೆ ಗಿರಿಜೆ ಎದ್ದಳು. ಮಾಸ್ತರು ಕಲಿಸಿದಂತೆ ನೆಟ್ಟಗೆ ನಿಂತು, ಎಡಗೈ ಬೆನ್ನಿಗೆ ಇಟ್ಟುಕೊಂಡು, "ಮಾನ್ಯ ಅಧ್ಯಕ್ಷರೇ" ಎಂದಳು. ಇಟ್ಟಿಗೆ ಗಿಟ್ಟಿಗೆ ಏನೂ ಇಲ್ಲ. ಒಂದು ದೀಪದ ಮಾತಾಡಿದಳು.

"ನಮ್ಮಜ್ಜಿಗೆ ಬತ್ತಿ ಎಲ್ಲಿದೆ ಅಂತ ಕೈಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಎಣ್ಣೆ ಎಷ್ಟಿದೆ ಅಂತ ಬೆರಳು ಅದ್ದಿ ನೋಡ್ತಾಳೆ. ಬೆಂಕಿಕಡ್ಡಿ ಮಾತ್ರ ನಾನು ಗೀರಬೇಕು. ಲಲಿತಾ ಹೇಳಿದ್ದು ಎಲ್ಲಾ ಸರಿ. ನಾನು ದೂರದ ಊರಲ್ಲಿ ಕೂತು ಭೂಮಿ ಗುಂಡಗಿದೆ ಅಂತ ಓದ್ತಿರುವಾಗ, ಇಲ್ಲಿ ಕತ್ತಲೆಯೊಳಗೆ ಒಂದು ಕೈ ಕಡ್ಡಿಪೆಟ್ಟಿಗೆ ಹುಡುಕ್ತಾ ಇರುತ್ತೆ. ಭೂಮಿ ಗುಂಡಗಿದ್ದರೂ ಆ ಕೈ ನನಗೆ ಕಾಣಲ್ಲ. ಕಾಣದೇ ಇರೋದನ್ನ ಕಲಿಯೋದಕ್ಕೆ ಅಷ್ಟು ದೂರ ಹೋಗಬೇಕಾ?"

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ರುದ್ರಪ್ಪನವರು ಯಾರನ್ನೂ ನೋಡದೆ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಕೈ ಎತ್ತಿಸಿದಾಗ ಗಿರಿಜೆಯೇ ಗೆದ್ದಳು. ದಾಮು ಕೂಡ ಅವಳ ಕಡೆಗೇ ಕೈ ಎತ್ತಿದ, ದ್ರೋಹಿ. ಅವಳು ನನ್ನ ಕಿವಿಯಲ್ಲಿ, "ಹೆಂಗಿತ್ತೇ?" ಎಂದಳು. ಮುಖ ಅರಳಿತ್ತು. ಒಳ್ಳೆಯ ವಾದ ಮಾಡಿದ ಸಂತೋಷ ಅದು. ಅದೇ ನಮ್ಮ ಶಾಲೆಯವರು ಮಾತ್ರ ಮಾಡಬಹುದಾದ ತಪ್ಪು. ಕೇಳುವವರಿಗೂ ಅದು ಆಟವೆಂದು ಗೊತ್ತಿದೆ ಎಂದುಕೊಂಡೆವು. ರುದ್ರಪ್ಪನವರು ಮಗಳ ತಲೆ ಸವರಿ, ಒಂದು ಕೈಯಲ್ಲಿ ತಾಯಿಯನ್ನೂ ಇನ್ನೊಂದು ಕೈಯಲ್ಲಿ ಅವಳನ್ನೂ ಹಿಡಿದುಕೊಂಡು ದೀಪದ ಹೊತ್ತಿಗೆ ಮನೆಗೆ ಹೋದರು.

ಸೋಮವಾರ ಗಿರಿಜೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಕೊಡಿಗೇನಹಳ್ಳಿಯವರಿಗೆ ಒಪ್ಪಿಗೆ ಹೇಳಿ ಕಳಿಸಿದ್ದಾರೆಂದು ನೀರಿಗೆ ಬಂದ ಹೆಂಗಸರು ಹೇಳಿದರು. ಮಾಸ್ತರು ನನ್ನನ್ನು ಕರೆದುಕೊಂಡು ಮಂಡಿಗೆ ಹೋದರು.

ರುದ್ರಪ್ಪನವರು ಎದ್ದು ಬಂದು ಚಾಪೆ ಹಾಸಿಸಿದರು. ಪಾನಕ ತರಿಸಿದರು. "ಮೇಷ್ಟ್ರೇ, ನಿಮ್ಮ ಋಣ ತೀರ್ಸಾಕಾಗಲ್ಲ. ನಾನು ಸಂಕ್ರಾಂತಿಯಿಂದ ಹೊಯ್ದಾಡ್ತಿದ್ದೆ. ಕಳಿಸಿದ್ರೆ ಅಮ್ಮಂಗೆ ಕಷ್ಟ, ಕಳಿಸದಿದ್ರೆ ಮಗೂಗೆ ಕಷ್ಟ. ಮಗೂನೇ ಸಭೇಲಿ ನಿಂತ್ಕಂಡು ಹೇಳ್ಬುಟ್ಳು. ನನ್ನ ಎದೆ ಮೇಲಿನ ಕಲ್ಲು ಇಳಿಸಿದ್ಳು."

ಮಾಸ್ತರು ಕರಟದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ಕಲ್ಲು ಬಂದದ್ದರಿಂದ ಹಾಗೆ ಮಾತಾಡಿದಳು, ಚಿಪ್ಪು ಬಂದಿದ್ದರೆ ಬೇರೆಯೇ ಮಾತಾಡುತ್ತಿದ್ದಳು, ಈ ಶನಿವಾರ ಅದನ್ನೇ ಮಾತಾಡಲಿದ್ದಾಳೆ, ದಯವಿಟ್ಟು ಬಂದು ಕೇಳಿ ಎಂದರು.

ರುದ್ರಪ್ಪನವರು ಪೂರ್ತಿ ಕೇಳಿದರು. ನಂತರ ಮೆಲ್ಲಗೆ, "ಅಂದ್ರೆ ಮನಸಿನಾಗೆ ಇಲ್ದಿದ್ದನ್ನ ಹೇಳಿದ್ಳು ಅಂತೀರಾ?" ಎಂದರು.

"ಹೌದು. ಅದೊಂದು ಅಭ್ಯಾಸ."

"ಅವರಜ್ಜಿ ಎದುರಿಗೆ ಕೂತಿದ್ದಂಗೇ? ಅಜ್ಜಿ ಕಣ್ಣು ಕಾಣಲ್ಲ ಅನ್ನೋದ್ನೇ ಹಿಡ್ಕಂಡು?"

ಮಾಸ್ತರು ಪಾನಕದ ಲೋಟವನ್ನು ಕೆಳಗಿಟ್ಟರು.

"ನಂಗೆ ಎರಡೇ ದಾರಿ ಕಾಣೋದು ಮೇಷ್ಟ್ರೇ. ಅವಳು ಹೇಳಿದ್ದು ನಿಜ ಆಗಿದ್ರೆ ಅವಳಿಗೇ ಹೋಗಾಕೆ ಮನಸಿಲ್ಲ, ನಾನು ಕಳಿಸಲ್ಲ. ಸುಳ್ಳಾಗಿದ್ರೆ, ಮುದುಕಿ ಕಣ್ಣಾಗೆ ನೀರು ಬರೋ ಹಂಗೆ ಸುಳ್ಳಾಡಾದು ಕಲಿಸೋ ಸ್ಕೂಲಿಗೆ ನಾನು ಮಗಳನ್ನ ಕಳಿಸಲ್ಲ. ನೀವೇ ಹೇಳಿ, ಮೂರ್ನೇದು ಏನೈತೆ?"

ಅವರು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಮೂರನೆಯದೊಂದು ಸಿಕ್ಕೀತೆಂದು ನಮ್ಮ ಮುಖ ನೋಡಿದರು. ಇಡೀ ವರ್ಷ ಯಾರ ಮಾತಿಗೂ ಎದುರುಮಾತು ತಪ್ಪಿಸದ ನಾನು ಆ ಚಾಪೆಯ ಮೇಲೆ ಕೂತು ಪಾನಕದ ಲೋಟ ಹಿಡಿದುಕೊಂಡು ಹುಡುಕಿದೆ. ಸಿಗಲಿಲ್ಲ.

ಅವರು ಒಳಗೆ ಕೂಗಿದರು, "ಗಿರಿಜಾ, ಬಾರಮ್ಮ ಇಲ್ಲಿ." ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಅಳುತ್ತಿರಲಿಲ್ಲ. "ಅವತ್ತು ಹೇಳಿದ್ದು ನಿಜಾನಾ, ಸುಳ್ಳಾ? ನೀನೇ ಹೇಳ್ಬುಡು ತಾಯಿ. ನೀನ್ ಹೇಳ್ದಂಗೆ ಆಗ್ಲಿ."

ಗಿರಿಜೆ ಅಪ್ಪನನ್ನು ನೋಡಿದಳು. ಮಾಸ್ತರನ್ನು ನೋಡಿದಳು. ಅವರು ತಲೆ ತಗ್ಗಿಸಿದ್ದರು. ಹಿಂದೆ ಕೋಣೆಯಲ್ಲಿ ಅಜ್ಜಿ ಕೆಮ್ಮುತ್ತಿದ್ದಳು.

"ನಿಜಾನೇ ಅಪ್ಪ" ಎಂದಳು. ಒಳಗೆ ಹೋದಳು.

ಹಿಂದಿರುಗುವಾಗ ಮಾಸ್ತರು ತಡೆದು ತಡೆದು ಹೇಳಿದರು, "ಸುಳ್ಳು ಅನ್ನುವ ಹೆಸರು ಶಾಲೆಗೆ ಬರಬಾರದು ಅಂತ ಹಾಗೆ ಹೇಳಿದಳು ಮಾರಾಯ್ತಿ. ನಮ್ಮನ್ನು ಉಳಿಸಿದಳು."

"ನಾವು ಉಳಿದು ಯಾರಿಗೆ ಏನಾಯ್ತು ಸಾರ್?" ಎಂದೆ. ನನಗೆ ಅವರ ಮಾತಿನ ಮೇಲೆ ನಂಬಿಕೆಯೂ ಇರಲಿಲ್ಲ. ಅಜ್ಜಿಗಾಗಿ ಹೇಳಿರಬಹುದು. ಜನದೆದುರು ಅಪ್ಪನನ್ನು ದಡ್ಡನಾಗಿಸಬಾರದೆಂದು ಹೇಳಿರಬಹುದು. ಅಥವಾ ಅದು ನಿಜವೇ ಆಗಿದ್ದಿರಬಹುದು. ನನ್ನ ನಿದ್ದೆಗೆಡಿಸಿದ್ದು ಆ ಕೊನೆಯದು.

ಮುಂದಿನ ಶನಿವಾರ ಚರ್ಚಾಕೂಟ ನಡೆಯಿತು. ಊರಿನವರು ಯಾರೂ ಇಲ್ಲ, ಕಟ್ಟಿಟ್ಟ ಟ್ರಂಕುಗಳ ನಡುವೆ ನಾವು ಮಾತ್ರ. ಈ ಸಲ ವಿರುದ್ಧ ಪಕ್ಷ ನನ್ನದು. ಎದ್ದು ನಾಲ್ಕು ಮಾತು ಆಡಿ ಕೂತೆ. ಮಾಸ್ತರು ಎಂದಿನಂತೆ ಜೇಬಿನಿಂದ ಗಡಿಯಾರ ತೆಗೆದರು. "ಇನ್ನು ಪರವಾಗಿ ಗಿರಿಜಾ" ಎಂದು ಕರೆದು ಗಡಿಯಾರವನ್ನು ಮೇಜಿನ ಮೇಲಿಟ್ಟರು. ಅವಳು ನಿಲ್ಲಬೇಕಿದ್ದ ಜಾಗ ಖಾಲಿ. ಯಾರಿಗೂ ಏನೆಂದು ಹೊಳೆಯಲಿಲ್ಲ. ಮಾಸ್ತರು ಆ ಖಾಲಿ ಜಾಗವನ್ನೇ ನೋಡುತ್ತ, ಯಾರಾದರೂ ಮಾತಾಡುವಾಗ ಕೇಳುವ ಹಾಗೆ ಸ್ವಲ್ಪ ತಲೆ ಓರೆಮಾಡಿ ಕೂತಿದ್ದರು. ಆಗ ಅರ್ಥವಾಯಿತು. ಅವಳ ಪಾಲಿನ ಹೊತ್ತು ಮುಗಿಯುವವರೆಗೆ ನಾವೆಲ್ಲ ಹಾಗೆಯೇ ಕೂತೆವು. ಸಣ್ಣವರೂ ಮಿಸುಕಲಿಲ್ಲ. ಗಡಿಯಾರದ ಸದ್ದು ಬಿಟ್ಟರೆ ಹೊರಗೆಲ್ಲೋ ಹುಣಸೆ 'ಟಕ್ ಟಕ್' ಎಂದು ಕುಟ್ಟುವ ಸದ್ದು. ಹೊತ್ತು ಮುಗಿದಮೇಲೆ ಮಾಸ್ತರು ಗಡಿಯಾರ ಎತ್ತಿಕೊಂಡು, "ಕೂತುಕೊಳ್ಳಬಹುದು" ಎಂದರು. ಯಾವ ಪಕ್ಷಕ್ಕೂ ಕೈ ಎತ್ತಿಸಲಿಲ್ಲ.

ಮರುದಿನ ನಾವು ಹೊರಟೆವು. ಕಡಲನ್ನು ಮೊದಲ ಸಲ ನೋಡಿದಾಗ ದಾಮು ಪಕ್ಕದಲ್ಲಿ ನಿಂತು, "ಈಗ ಒಪ್ಪುತ್ತೀಯಾ, ಉಂಟು ಅಂತ?" ಎಂದು ಕೇಳಿದ. ಒಪ್ಪಿದೆ. ಪರೀಕ್ಷೆ ಮುಗಿಸಿದೆ. ಈಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಚರ್ಚೆಗಳಲ್ಲಿ ಬಹುಮಾನ ತಂದಿದ್ದೇನೆ. ಯಾರಾದರೂ 'ಎರಡೇ ದಾರಿ' ಎಂದು ಶುರುಮಾಡಿದರೆ ಈಗಲೂ ಮೂರನೆಯದೊಂದನ್ನು ಹುಡುಕತೊಡಗುತ್ತೇನೆ.

ಬಸ್ಸಿನಿಂದ ಇಳಿದ ನನ್ನನ್ನು ರುದ್ರಪ್ಪನವರೇ ಗುರುತು ಹಿಡಿದರು. ಕೂದಲೆಲ್ಲ ಬೆಳ್ಳಗಾಗಿತ್ತು. "ಕಡಲ್ ಸ್ಕೂಲಿನ ಮಗು ಅಲ್ವೇನಮ್ಮ? ಅಮ್ಮ ಹೋಗಿ ಮೂರು ವರ್ಸ ಆಯ್ತು. ಗಿರಿಜಾ ಮದುವೆ ಆಗಿ ಹೋದ್ಮೇಲೆ ಬಾಳ ದಿನ ಇರ್ಲಿಲ್ಲ" ಎಂದರು. ಸ್ವಲ್ಪ ತಡೆದು, "ದೀಪ ನಾನೇ ಹಚ್ಕಂತೀನಿ ಈಗ" ಎಂದರು. ಕೊಡಿಗೇನಹಳ್ಳಿಯ ಬಸ್ಸಿಗೆ ಅವರೇ ಹತ್ತಿಸಿದರು. "ನೀನ್ ಹೋದ್ರೆ ಅವಳಿಗೆ ಖುಷಿ ಆಯ್ತದೆ."

ಗಿರಿಜೆ ಜಗುಲಿಯ ಮೇಲೆ ಕೂತು ಮೊರದಲ್ಲಿ ಹುಣಸೆಹಣ್ಣಿನ ನಾರು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಕೂಗಲಿಲ್ಲ, ಅಳಲಿಲ್ಲ, ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು, ಬೆಂಚಿನ ಮೇಲೆ ಮಾಡುತ್ತಿದ್ದ ಹಾಗೆ. ಅವಳ ಅತ್ತೆ ಗಡಿಸೀಮೆಯ ತೆಲುಗು ಬೆರೆಸಿ, "ರಾಮ್ಮ, ಕೂತ್ಕೋ. ಮಜ್ಜಿಗೆ ಕುಡಿತಾವಾ?" ಎಂದು ಒಳಗೆ ಹೋದರು. ಒಳ್ಳೆಯ ಜನ. ಗಂಡ ಕಡಲೆಕಾಯಿ ವ್ಯಾಪಾರಕ್ಕೆ ಹಿಂದೂಪುರಕ್ಕೆ ಹೋಗಿದ್ದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ನಾನೂ ನಾರು ತೆಗೆಯಲು ಕೂತೆ.

ಕೊನೆಗೆ ಕೇಳಿದೆ. ಕೇಳದೆ ಇರಲು ನನ್ನಿಂದಾಗುವುದಿಲ್ಲ. "ಅವತ್ತು ನಿಜಾನೇ ಅಂದ್ಯಲ್ಲ ಗಿರಿಜಾ. ನಿಜವಾಗ್ಲೂ ನಿಜಾನಾ?"

ಅವಳು ನಕ್ಕಳು. "ಇನ್ನೂ ಅದನ್ನೇ ಹಿಡ್ಕಂಡಿದ್ದೀಯೇನೇ ಲಲ್ಲಿ?" ಬೆರಳಿಗಂಟಿದ ಹಣ್ಣನ್ನು ಮೊರದ ಅಂಚಿಗೆ ಒರೆಸಿದಳು. "ಅರ್ಧ ನಿಜ ಕಣೆ. ಅದ್ಕೇ ಅಲ್ವಾ ಇನ್ನೊಂದು ಶನಿವಾರ ಇದ್ದಿದ್ದು."

ಮಂಡಿಯ ಚಾಪೆಯ ಮೇಲೆ ನನಗೆ ಸಿಗದಿದ್ದ ಮೂರನೆಯದು ಅದು. ಅವಳ ಬಳಿ ಆಗಲೇ ಇತ್ತು. ಅಪ್ಪ ಕೇಳಿದ ಪ್ರಶ್ನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಆ ಎರಡನೆಯ ಶನಿವಾರ ಏನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಗಡಿಯಾರ, ಖಾಲಿ ಜಾಗ, ಮಾಸ್ತರು ತಲೆ ಓರೆಮಾಡಿ ಕೂತದ್ದು. ಅವಳ ಕೈ ನಿಂತಿತು.

"ಪೂರ್ತಿ ಹೊತ್ತು?"

"ಪೂರ್ತಿ."

"ದಾಮೂನೂ ಸುಮ್ನಿದ್ನಾ?"

"ಅವನೂ."

ಅವಳು ಮೊರದಿಂದ ತಲೆಯೆತ್ತಿದಳು. ಪಡುವಣದಲ್ಲಿ, ಬಯಲಿನಾಚೆ, ಮಧುಗಿರಿ ಬೆಟ್ಟದ ಬೆನ್ನು ನೀಲಿಯಾಗಿ ಕಾಣುತ್ತಿತ್ತು. ಸೂರ್ಯ ಅದರ ಪಕ್ಕಕ್ಕೆ ಇಳಿಯುತ್ತಿದ್ದ. ಗಿರಿಜೆ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನೀರು ತರಲು ಎದ್ದಳೆಂದುಕೊಂಡೆ. ಅವಳು ಜಗುಲಿಯ ಅಂಚಿಗೆ ಹೋಗಿ, ಬಯಲಿಗೆ ಮುಖ ಮಾಡಿ, ನೆಟ್ಟಗೆ ನಿಂತು, ಎಡಗೈಯನ್ನು ಬೆನ್ನಿಗೆ ಇಟ್ಟುಕೊಂಡಳು.

"ಮಾನ್ಯ ಅಧ್ಯಕ್ಷರೇ" ಎಂದಳು.

ಅವಳ ಬಾಯಿ ಮುಂದಿನ ಮಾತಿಗೆ ತೆರೆದೇ ಇತ್ತು. ಆ ಮಾತು ಅವಳಲ್ಲಿ ಸಿದ್ಧವಾಗಿತ್ತು, ಅದನ್ನು ನಾನು ಯಾವ ಪ್ರಮಾಣವೂ ಇಲ್ಲದೆ ಒಪ್ಪುತ್ತೇನೆ. ಒಳಗಿನಿಂದ ಅತ್ತೆಯ ದನಿ ಬಂತು, "ಗಿರಿಜಾ, ಪೊದ್ದು ಹೋಯ್ತು, ಹೊತ್ತಾಯ್ತು ಕಣಮ್ಮ. ದೀಪ."

"ಬಂದೆ ಅತ್ತೆಮ್ಮ" ಎಂದಳು. ನನ್ನ ಭುಜವನ್ನು ಒಮ್ಮೆ ಮುಟ್ಟಿ ಒಳಗೆ ಹೋದಳು. ಕತ್ತಲೆಯ ನಡುಮನೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು.

ನಾನು ಪಡುವಣಕ್ಕೆ ಮುಖ ಮಾಡಿ ಕೂತೇ ಇದ್ದೆ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅವಳ ಪಾಲಿನ ಹೊತ್ತು ಇನ್ನೂ ಉಳಿದಿತ್ತು. ನಾನು ಮಾತಾಡಲಿಲ್ಲ.